ಗೋರಂಟ್ಲದಲ್ಲಿ ಒಂದು ಬಾಗಿಲು

ಹಿಂದೂಪುರದಿಂದ ಪುಟ್ಟಪರ್ತಿಯ ಕಡೆಗೆ ಹೋಗುವ ಯಾತ್ರಿಕರು ಗೋರಂಟ್ಲವನ್ನು ವಾಹನದ ಕಿಟಕಿಯಿಂದಲೇ ನೋಡಿ ಮುಂದೆ ಸಾಗುವುದು ರೂಢಿ. ನಾವೂ ಅನೇಕ ಬಾರಿ ಹಾಗೆಯೇ ಸಾಗಿದವರು. ಊರಿನ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಅಂಗೈಗೆ ಹಚ್ಚುವ ಗೋರಂಟಿ ನೆನಪಾಗುತ್ತದೆ. ಹಿರಿಯರಿಗೆ ಮಾಧವರಾಯಸ್ವಾಮಿಯ ದೇವಾಲಯ ನೆನಪಾಗುತ್ತದೆ. ಕಳೆದ ಚೈತ್ರಮಾಸದಲ್ಲಿ ಅಲ್ಲಿ ಐದು ಗಂಟೆಗಳ ಕಾಲ ತಂಗಬೇಕಾಗಿ ಬಂದುದರಿಂದ ಇನ್ನು ಮುಂದೆ ಆ ಊರು ನಮಗೆ ಬೇರೊಂದು ಕಾರಣಕ್ಕಾಗಿ ನೆನಪಿರುತ್ತದೆ.

ಗೋರಂಟ್ಲ 2022ರ ಏಪ್ರಿಲ್ ತಿಂಗಳಿನವರೆಗೆ ಅನಂತಪುರ ಜಿಲ್ಲೆಗೆ ಸೇರಿತ್ತು. ಆ ತಿಂಗಳ 4ರಂದು ಹೊಸ ಜಿಲ್ಲೆಗಳಾದಾಗ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಿಗೆ ಬಂದಿತು. ನಮ್ಮ ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರದ ಸೀಮೆಯಲ್ಲಿರುವಂತೆ ಇಲ್ಲಿ ಬೀದಿಬೀದಿಯಲ್ಲಿ ಕನ್ನಡ ಕೇಳಿಬರುವುದಿಲ್ಲ. ಆದರೂ ಬೆಂಗಳೂರಿಗೆ ದುಡಿಯಲು ಹೋಗಿ ಬಂದವರ ಕನ್ನಡ, ವ್ಯಾಪಾರದ ಕನ್ನಡ ಅಲ್ಲಲ್ಲಿ ದೊರೆಯುತ್ತದೆ. ಕೈಸನ್ನೆಯ ಅಗತ್ಯ ಬೀಳುವುದಿಲ್ಲ. ಚಿತ್ರಾವತಿಯಂತೂ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಬಾಗೇಪಲ್ಲಿಯ ಕಡೆಯಿಂದ ಇಳಿದು ಬರುವ ಹೊಳೆ. ಕನ್ನಡನಾಡಿನ ಮಗಳು, ತೆಲುಗುನಾಡಿನ ಸೊಸೆ. ನಾವು ಹೋದಾಗ ಸೊಸೆಯ ಮಡಿಲಲ್ಲಿ ಮರಳಲ್ಲದೆ ನೀರಿರಲಿಲ್ಲ. ಆ ಸೀಮೆಯಲ್ಲಿ ಮಳೆ ಕಡಿಮೆ, ಗಾಳಿ ಹೆಚ್ಚು. ಕೆಂಪುಮಣ್ಣಿನ ಧೂಳು ಎಲ್ಲೆಡೆಯೂ ಕೂರುತ್ತದೆ. ಈ ಧೂಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅದರದೇ.

ನಮ್ಮ ತಾಯಿಯವರಿಗೆ ಈಗ ಎಪ್ಪತ್ತೊಂದು ವರ್ಷ. ಆರು ವರ್ಷಗಳ ಹಿಂದೆ ಬಾವಿಕಟ್ಟೆಯಲ್ಲಿ ಕಾಲು ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾದಂದಿನಿಂದ ಅವರಿಗೆ ಕಾಲುಗಳ ಮೇಲೆ ಸ್ವಾಧೀನವಿಲ್ಲ. ಗಾಲಿಕುರ್ಚಿಯೇ ನಡಿಗೆ. ಮೊದಲ ಎರಡು ವರ್ಷ ಅವರನ್ನು ಕಾರಿನಲ್ಲಿ ಕೂಡಿಸಲು ಇಬ್ಬರು ಗಂಡಸರು ಎತ್ತಬೇಕಾಗುತ್ತಿತ್ತು. ಎತ್ತುವವರಿಗೆ ಆಯಾಸ, ಎತ್ತಿಸಿಕೊಳ್ಳುವವರಿಗೆ ಸಂಕೋಚ. ಕ್ರಮೇಣ ಅವರು ಮದುವೆ ಮುಂಜಿಗಳಿಗೆ ಬರುವುದನ್ನೇ ಬಿಟ್ಟರು. “ನನ್ನನ್ನು ಮನೆಯಲ್ಲಿ ಬಿಟ್ಟು ಹೋಗಿ” ಎಂಬ ಮಾತು ಎಷ್ಟು ಸಹಜವಾಗಿ ಬರತೊಡಗಿತೆಂದರೆ, ನಾವೂ ಅದನ್ನು ಸಹಜವೆಂದೇ ಒಪ್ಪಿಬಿಟ್ಟಿದ್ದೆವು. ಈ ತಪ್ಪು ನಮ್ಮದು.

ಬಳಿಕ ಒಂದು ಹಳೆಯ ಈಕೋ ವ್ಯಾನನ್ನು ಕೊಂಡೆವು. ಜಾರುಬಾಗಿಲಿನ ಗಾಡಿ ನಮ್ಮ ಸೀಮೆಗೆ ಹೊಸದಲ್ಲ. 1984ರಲ್ಲಿ ಬಂದ ಮಾರುತಿ ವ್ಯಾನು ಮುಂದೆ ಓಮ್ನಿ ಎಂಬ ಹೆಸರು ಪಡೆದು, 2019ರಲ್ಲಿ ತಯಾರಿಕೆ ನಿಲ್ಲುವವರೆಗೆ ಹಾಲನ್ನೂ ಹೂವನ್ನೂ ಶಾಲೆಯ ಮಕ್ಕಳನ್ನೂ ಮದುವೆಯ ಬೀಗರನ್ನೂ ಸಮಭಾವದಿಂದ ಹೊತ್ತುಕೊಂಡು ತಿರುಗಿತು. 2010ರಲ್ಲಿ ಬಂದ ಈಕೋ ಅದರ ತಮ್ಮ. ಅದರ ನಡುವಣ ಆಸನವನ್ನು ತೆಗೆಸಿ, ಸಾರಿಗೆ ಇಲಾಖೆಯ ಅನುಮತಿ ಪಡೆದು, ಎಡಬಾಗಿಲಿನ ಕಡೆಗೆ ತಿರುಗುವ ಒಂಟಿ ಆಸನವೊಂದನ್ನು ಕೂಡಿಸಿದೆವು. ತಾಯಿಯವರು ಗಾಲಿಕುರ್ಚಿಯಲ್ಲಿ ಬಾಗಿಲಿನವರೆಗೆ ಬಂದು, ನಡುವೆ ನುಣುಪಾದ ಹಲಗೆಯೊಂದನ್ನು ಸೇತುವೆಯಂತೆ ಇಟ್ಟುಕೊಂಡು, ತಮ್ಮ ತೋಳುಗಳ ಬಲದಿಂದಲೇ ಆಸನಕ್ಕೆ ಸರಿದುಕೊಳ್ಳುತ್ತಾರೆ. ನಾವು ಆಸನವನ್ನು ಮುಂದಕ್ಕೆ ತಿರುಗಿಸಿದರಾಯಿತು. ಪಟ್ಟಣಗಳಲ್ಲಿ ಕುರ್ಚಿಯ ಸಮೇತ ಇಳಿಜಾರು ಹಲಗೆಯ ಮೇಲೆ ಹತ್ತಿಸಿಕೊಳ್ಳುವ ಬಾಡಿಗೆ ವಾಹನಗಳೂ ಬಂದಿವೆ. ಬೆಂಗಳೂರಿನಲ್ಲಿ ಕಿಕ್‌ಸ್ಟಾರ್ಟ್ ಕ್ಯಾಬ್ಸ್ ಎಂಬ ಸಂಸ್ಥೆ 2013ರಲ್ಲಿ ಇಂಥ ಸೇವೆಯನ್ನು ಆರಂಭಿಸಿತು. ನಮ್ಮ ಕಡೆಯ ಹಳ್ಳಿಗಳಿಗೆ ಅದು ಇನ್ನೂ ದೂರದ ಮಾತು.

ಈ ಏರ್ಪಾಡಿಗೆ ಜಾರುಬಾಗಿಲೇ ಏಕೆ ಬೇಕು ಎಂದು ಕೆಲವರು ಕೇಳಿದ್ದುಂಟು. ಸಾಮಾನ್ಯ ಕಾರಿನ ಬಾಗಿಲು ಕೀಲಿನ ಮೇಲೆ ಹೊರಕ್ಕೆ ತೆರೆಯುತ್ತದೆ. ಅದು ಎಷ್ಟೇ ಅಗಲವಾಗಿ ತೆರೆದರೂ ಗಾಲಿಕುರ್ಚಿಯನ್ನು ಆಸನಕ್ಕೆ ತಗುಲಿಸಿ ನಿಲ್ಲಿಸಲು ಬಾಗಿಲೇ ಅಡ್ಡ. ಜಾರುಬಾಗಿಲು ಗಾಡಿಯ ಮೈಗೆ ಅಂಟಿಕೊಂಡು ಹಿಂದಕ್ಕೆ ಸರಿದುಬಿಡುವುದರಿಂದ ಇಡೀ ಜಾಗ ಬಿಡುವಾಗುತ್ತದೆ. ಇಕ್ಕಟ್ಟಾದ ಬೀದಿಯಲ್ಲಿಯೂ ಗೋಡೆಯ ಪಕ್ಕದಲ್ಲಿಯೂ ತೆರೆಯಬಹುದು. ಇದು ಅದರ ಗುಣ. ದೋಷವೆಂದರೆ, ಅದು ಕೀಲಿನ ಮೇಲಲ್ಲದೆ ಹಳಿಗಳ ಮೇಲೆ ನಡೆಯುವ ಬಾಗಿಲು. ಹಳಿ ಎಂದ ಮೇಲೆ ರೈಲಿಗಿರುವ ಕಷ್ಟವೆಲ್ಲ ಅದಕ್ಕೂ ಇದೆ.

ಆ ದಿನ ತಾಯಿಯವರ ಹೃದಯ ತಪಾಸಣೆಗೆಂದು ಪುಟ್ಟಪರ್ತಿಯ ದೊಡ್ಡ ಆಸ್ಪತ್ರೆಗೆ ಹೊರಟಿದ್ದೆವು. 1991ರ ನವೆಂಬರ್ 22ರಂದು ಆರಂಭವಾದ ಆ ಆಸ್ಪತ್ರೆಯಲ್ಲಿ ಹಣ ಕೇಳುವ ಕಿಟಕಿಯೇ ಇಲ್ಲವೆಂಬುದು ಗಡಿಯ ಈಚೆ ಆಚೆಯ ಸಂಸಾರಗಳಿಗೆಲ್ಲ ತಿಳಿದ ಸಂಗತಿ. ಬೆಳಗಿನ ಜಾವಕ್ಕೇ ಮನೆ ಬಿಟ್ಟಿದ್ದೆವು. ಹಿಂದೂಪುರವನ್ನು ದಾಟಿದ ಮೇಲೆ ರಸ್ತೆಯ ಕೆಲಸ ನಡೆಯುತ್ತಿದ್ದುದರಿಂದ ಜಲ್ಲಿಯ ಬದಲಿದಾರಿಯಲ್ಲಿ ಸ್ವಲ್ಪ ದೂರ ಕುಲುಕುತ್ತ ಸಾಗಬೇಕಾಯಿತು. ಗೋರಂಟ್ಲದಲ್ಲಿ ಕಾಫಿಗೆಂದು ಗಾಡಿ ನಿಲ್ಲಿಸಿ, ತಾಯಿಯವರನ್ನು ಇಳಿಸಲು ಬಾಗಿಲನ್ನು ಎಳೆದರೆ ಅದು ಒಂದು ಗೇಣು ಸರಿದು ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಇಂಥ ಸಂದರ್ಭದಲ್ಲಿ ಮನುಷ್ಯ ಮೊದಲು ಮಾಡುವುದು ಜೋರಾಗಿ ಎಳೆಯುವುದನ್ನು. ನಾವೂ ಅದನ್ನೇ ಮಾಡಿದೆವು. ಕಾಫಿ ಅಂಗಡಿಯಲ್ಲಿದ್ದ ನಾಲ್ವರು ಬಂದು ಅವರೂ ಎಳೆದರು. ಬಾಗಿಲಿನ ಹಿಂತುದಿ ಕೆಳಕ್ಕೆ ವಾಲಿತೇ ಹೊರತು ಸರಿಯಲಿಲ್ಲ. ಬಲಬಾಗಿಲು ತೆರೆಯುವುದೇನೋ ಸರಿ. ಆದರೆ ಅದು ಲಾರಿಗಳು ಓಡಾಡುವ ರಸ್ತೆಯ ಕಡೆಗಿತ್ತು, ಅದಕ್ಕೆ ಒರಗಿಸಿ ಗಾಲಿಕುರ್ಚಿಯನ್ನು ಮಡಿಸಿ ಕಟ್ಟಿದ್ದೆವು, ತಾಯಿಯವರ ಆಸನವೋ ಎಡಕ್ಕಲ್ಲದೆ ಬಲಕ್ಕೆ ತಿರುಗುವಂಥದಲ್ಲ. ಸೇರಿದವರಲ್ಲಿ ಒಬ್ಬರು ತೆಲುಗಿನಲ್ಲಿ ಧೈರ್ಯ ಹೇಳಿದರು: ಕುರ್ಚಿಯನ್ನು ಬಿಚ್ಚಿ, ನಾಲ್ಕು ಜನ ಹಿಡಿದರೆ ಎರಡು ನಿಮಿಷದ ಕೆಲಸ, ಅಜ್ಜಿಯನ್ನು ಆ ಕಡೆಯಿಂದ ಎತ್ತಿ ಇಳಿಸಿಬಿಡೋಣ.

ಆ ಮಾತಿನಲ್ಲಿ ದಯೆಯಿತ್ತು. ಆದರೆ ತಾಯಿಯವರು ಮುಖ ತಿರುಗಿಸಿಕೊಂಡರು. “ಮೂಟೆಯಲ್ಲ ನಾನು. ಬಾಗಿಲು ಸರಿಮಾಡಿಸಿ, ಇಳಿಯುತ್ತೇನೆ” ಎಂದರು. ಹೊತ್ತು ಹತ್ತೂವರೆ ದಾಟಿತ್ತು, ಗಾಡಿಯ ತಗಡು ಕಾಯುತ್ತಿತ್ತು. ಮೂರು ಗಂಟೆಯ ಪ್ರಯಾಣದ ಬಳಿಕ ಇಳಿದು ಶೌಚಕ್ಕೆ ಹೋಗಬೇಕೆಂಬ ಅಗತ್ಯವೂ ಅವರಿಗಿದ್ದಿತು. ಅದನ್ನು ನಾಲ್ಕು ಜನ ಪರಪುರುಷರ ಮುಂದೆ ಹೇಳಲಾರದೆ ನಮ್ಮ ಮನೆಯವರ ಕೈಯನ್ನು ಮಾತ್ರ ಅದುಮಿದರು. ಇದನ್ನು ಬರೆಯುವುದು ಔಚಿತ್ಯವೋ ಅಲ್ಲವೋ ಎಂದು ಬಹಳ ಯೋಚಿಸಿದೆವು. ಬರೆಯದಿದ್ದರೆ ಒಂದು ಬಾಗಿಲು ಕೆಡುವುದೆಂದರೇನೆಂಬುದು ಆರೋಗ್ಯವಂತರಾದ ನಮಗೆ ಯಾರಿಗೂ ತಿಳಿಯುವಂತಿಲ್ಲ.

ಕಾಫಿ ಅಂಗಡಿಯ ಹುಡುಗನೇ ಓಡಿಹೋಗಿ ಮೆಕ್ಯಾನಿಕ್ ಒಬ್ಬರನ್ನು ಕರೆತಂದ. ಐವತ್ತು ದಾಟಿದ ವಯಸ್ಸು, ಎಣ್ಣೆ ಹಿಡಿದ ಲುಂಗಿ, ಕಿವಿಯ ಮೇಲೆ ಪೆನ್ಸಿಲು. ಯೌವನದಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತ ಕೆಲಸ ಕಲಿತವರಂತೆ. ಕನ್ನಡವನ್ನು ತೆಲುಗಿನ ರಾಗದಲ್ಲಿ ಆಡುತ್ತಿದ್ದರು. ಬಂದವರು ಬಾಗಿಲನ್ನು ಮುಟ್ಟಲಿಲ್ಲ. ಮೊದಲು ಜನರನ್ನು ಹಿಂದಕ್ಕೆ ಸರಿಸಿದರು. ಅನಂತರ ತಾಯಿಯವರಿಗೆ, “ಅಮ್ಮಾ, ಬೆರಳು ಒಳಗೆ ಇಟ್ಟುಕೊಳ್ಳಿ, ಭಯಪಡಬೇಡಿ, ಅರ್ಧ ಗಂಟೆ” ಎಂದರು. ನೆಲದ ಮೇಲೆ ಮಲಗಿ, ಕಾಲಿಡುವ ಮೆಟ್ಟಿಲಿನ ಕೆಳಗಿನ ಹಳಿಯೊಳಕ್ಕೆ ಟಾರ್ಚು ಬಿಟ್ಟು ನೋಡಿ, ಒಂದು ಬೆರಳಿನಲ್ಲಿ ಕೆಂಪಗಿನ ಅಂಟನ್ನು ಬಳಿದು ತೆಗೆದು ನಮಗೆ ತೋರಿಸಿದರು. “ಇದಕ್ಕೆ ಗ್ರೀಸು ಹಾಕಿದವರು ಯಾರು?”

ನಾವು ತಲೆ ತಗ್ಗಿಸಿದೆವು. ಎರಡು ತಿಂಗಳ ಹಿಂದೆ ದೊಡ್ಡ ಪಟ್ಟಣವೊಂದರ ಗ್ಯಾರೇಜಿನಲ್ಲಿ ಬಾಗಿಲು ಬಿಗಿಯಾಗಿದೆಯೆಂದು ತೋರಿಸಿದಾಗ ಅವರು ಹಳಿಗಳ ತುಂಬ ಗ್ರೀಸು ಬಳಿದು, ಎರಡು ಸಾವಿರ ರೂಪಾಯಿ ಪಡೆದು ಕಳುಹಿಸಿದ್ದರು. ಒಂದು ವಾರ ಬಾಗಿಲು ಬೆಣ್ಣೆಯಂತೆ ಸರಿದಿತ್ತು. ನಾವು ಅದನ್ನು ರಿಪೇರಿ ಎಂದುಕೊಂಡಿದ್ದೆವು. ಈ ಸೀಮೆಯ ಧೂಳು ಗ್ರೀಸಿನೊಡನೆ ಕಲೆತರೆ ಎಣ್ಣೆಯಾಗಿ ಉಳಿಯುವುದಿಲ್ಲ, ಉಪ್ಪುಕಾಗದದ ಪುಡಿಯಾಗುತ್ತದೆ. ಬಾಗಿಲು ಸರಿದಾಗಲೆಲ್ಲ ಉರುಳೆಯನ್ನು ತೇಯುತ್ತದೆ. ಜೊತೆಗೆ ಅಂಟಿನಲ್ಲಿ ಸಣ್ಣ ಜಲ್ಲಿ ಸಿಕ್ಕಿಕೊಂಡರೆ ಮುಗಿಯಿತು.

ಅವರು ಬಾಗಿಲನ್ನು ಬಿಡಿಸಿದ ರೀತಿ ನೋಡುವಂತಿತ್ತು. ಪಕ್ಕದ ಪಂಕ್ಚರ್ ಅಂಗಡಿಯಿಂದ ಗಾಳಿಯ ಕೊಳವೆಯನ್ನು ಎಳೆದು ತಂದು ಹಳಿಯೊಳಗೆ ಊದಿದರು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೀಮೆಎಣ್ಣೆ ಹಚ್ಚಿ ಅಂಟನ್ನು ಕರಗಿಸಿದರು. ಸೈಕಲ್ಲಿನ ಕಡ್ಡಿಯನ್ನು ಬಾಗಿಸಿ ಜಲ್ಲಿಯ ಎರಡು ಚೂರುಗಳನ್ನು ಹೊರಕ್ಕೆ ಹೆಕ್ಕಿದರು. ಕೊನೆಗೆ ಬಾಗಿಲಿನ ಕೆಳಗೆ ಮರದ ಸನ್ನೆಯನ್ನು ಕೊಟ್ಟು, ಹುಡುಗನಿಗೆ ಅದನ್ನು ಒಂದು ನೂಲಿನಷ್ಟು ಮಾತ್ರ ಮೇಲಕ್ಕೆತ್ತುವಂತೆ ಹೇಳಿ, ತಾವು ಎರಡು ಬೆರಳುಗಳಿಂದ ಬಾಗಿಲನ್ನು ಹಿಂದಕ್ಕೆ ತಳ್ಳಿದರು. ನಾಲ್ಕು ಜನ ಗಂಡಸರ ಬಲಕ್ಕೆ ಬಗ್ಗದ ಬಾಗಿಲು ಎರಡು ಬೆರಳಿಗೆ ತೆರೆಯಿತು. ಭಾರವನ್ನು ಉರುಳೆಯ ಮೇಲಿಂದ ಇಳಿಸದೆ ಎಳೆದರೆ ಉರುಳೆ ಹಳಿಗೆ ಇನ್ನಷ್ಟು ಕಚ್ಚಿಕೊಳ್ಳುತ್ತದೆಯಂತೆ. ಅಂದರೆ ನಾವು ಅಷ್ಟು ಹೊತ್ತು ಮಾಡಿದ ಸಹಾಯವೆಲ್ಲ ಅಪಕಾರವೇ ಆಗಿತ್ತು.

ತಾಯಿಯವರು ಹಲಗೆಯ ಮೇಲೆ ಸರಿದು ತಮ್ಮ ಕುರ್ಚಿಗೆ ಬಂದರು. ಹತ್ತಿರದ ಮನೆಯ ಗೃಹಿಣಿಯೊಬ್ಬರು ಏನನ್ನೂ ಕೇಳದೆ, “ರಂಡಮ್ಮಾ” ಎಂದು ಕರೆದು ತಮ್ಮ ಮನೆಯೊಳಕ್ಕೆ ಕುರ್ಚಿಯನ್ನು ತಳ್ಳಿಕೊಂಡು ಹೋದರು. ಆ ತಾಯಿಗೆ ನಮ್ಮ ನಮಸ್ಕಾರ.

ಬಾಗಿಲೇನೋ ತೆರೆಯಿತು, ಆದರೆ ಗಾಡಿ ಹೊರಡುವಂತಿರಲಿಲ್ಲ. ಜಾರುಬಾಗಿಲು ಮೂರು ಕಡೆ ಹಿಡಿದಿರುತ್ತದೆ: ಮೇಲೆ ಚಾವಣಿಯ ಅಂಚಿನಲ್ಲಿ ಒಂದು ಹಳಿ, ಕೆಳಗೆ ಮೆಟ್ಟಿಲಿನಡಿ ಒಂದು, ಗಾಡಿಯ ಹಿಂಪಕ್ಕೆಯಲ್ಲಿ ಹೊರಗೆ ಕಾಣುವಂತೆ ನಡುಮಟ್ಟದಲ್ಲಿ ಒಂದು. ಮೇಲಿನದು ಬಾಗಿಲು ವಾಲದಂತೆ ದಾರಿ ತೋರುವುದು; ಭಾರವನ್ನು ಹೊರುವ ಕೆಲಸ ಹೆಚ್ಚಾಗಿ ಕೆಳಗಿನದಕ್ಕೂ ನಡುವಿನದಕ್ಕೂ ಸೇರಿದ್ದು. ಪ್ರತಿ ಹಳಿಯಲ್ಲಿಯೂ ಬಾಗಿಲಿನಿಂದ ಚಾಚಿದ ಕಬ್ಬಿಣದ ತೋಳು, ಅದರ ತುದಿಯಲ್ಲಿ ಅಡಕೆಗಾತ್ರದ ಉರುಳೆಗಳು. ನಮ್ಮ ಗಾಡಿಯ ಕೆಳಗಿನ ಉರುಳೆ ಒಂದು ಬದಿಯಲ್ಲಿ ಚಪ್ಪಟೆಯಾಗಿ ಸವೆದಿತ್ತು. ಉರುಳುವುದನ್ನು ಬಿಟ್ಟು ಎಷ್ಟೋ ದಿನದಿಂದ ಬರಿದೆ ಉಜ್ಜುತ್ತಿದ್ದಿತು. ಅಷ್ಟು ದೊಡ್ಡ ಗಾಡಿಯಲ್ಲಿ ನಮ್ಮ ತಾಯಿಯವರ ಓಡಾಟವೆಲ್ಲ ನಿಂತಿದ್ದುದು ಈ ಅಡಕೆಯ ಮೇಲೆ.

ಉರುಳೆಯನ್ನು ಹಿಂದೂಪುರದ ಅಂಗಡಿಯೊಂದರಿಂದ ತರಿಸಬೇಕಾಯಿತು. ಮೆಕ್ಯಾನಿಕರು ದೂರವಾಣಿಯಲ್ಲಿ ಅಳತೆ ಹೇಳಿ, ಮುಂದಿನ ಬಸ್ಸಿನಲ್ಲಿ ಪೊಟ್ಟಣ ಕಳುಹಿಸುವಂತೆ ಏರ್ಪಾಡು ಮಾಡಿದರು. ಬಸ್ಸು ಬರುವವರೆಗೆ ನಮಗೆ ಬಿಡುವು. ಮಾಧವರಾಯಸ್ವಾಮಿಯ ದೇವಾಲಯಕ್ಕೆ ಸರದಿಯ ಮೇಲೆ ಹೋಗಿ ಬಂದೆವು. ವಿಜಯನಗರ ಕಾಲದ ಕೆಲಸ. ಕಂಬಗಳ ಕೆತ್ತನೆಯ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು. ಲೇಪಾಕ್ಷಿಯನ್ನು ನೋಡಲು ದೂರದೂರದಿಂದ ಬರುವವರು ಇತ್ತ ಅರ್ಧ ದಿನ ಕೊಡಬಾರದೇಕೆ ಎನಿಸಿತು. ತಾಯಿಯವರು ಹೊರಗಿನಿಂದಲೇ ಗೋಪುರಕ್ಕೆ ಕೈಮುಗಿದರು. ಮೆಟ್ಟಿಲು, ಎತ್ತರದ ಹೊಸ್ತಿಲು, ಮತ್ತೆ ಮೆಟ್ಟಿಲು. ಆರು ನೂರು ವರ್ಷದ ಹಿಂದಿನ ಶಿಲ್ಪಿಗಳನ್ನು ದೂರುವಂತಿಲ್ಲ. ಮೊನ್ನೆ ಮೊನ್ನೆ ಕಟ್ಟಿದ ಕಚೇರಿಗಳಲ್ಲಿಯೂ ಅವರಿಗೆ ಇದೇ ದರ್ಶನ.

ಮರಳಿ ಬಂದು ಬೇವಿನ ನೆರಳಿನಲ್ಲಿ ಕುಳಿತಾಗ ಮಾತು ಸಹಜವಾಗಿ ಕಿಯಾ ಕಾರ್ಖಾನೆಯತ್ತ ತಿರುಗಿತು. ಗೋರಂಟ್ಲದ ನೆರೆಯ ಪೆನುಕೊಂಡ ಮಂಡಲದ ಎರ್ರಮಂಚಿಯಲ್ಲಿ ಕೊರಿಯಾ ದೇಶದ ಈ ಸಂಸ್ಥೆ 2019ರಿಂದ ಕಾರುಗಳನ್ನು ತಯಾರಿಸುತ್ತಿದೆ. ಸುತ್ತಲಿನ ಹಳ್ಳಿಗಳ ಎಷ್ಟೋ ಹುಡುಗರಿಗೆ ಅಲ್ಲಿ ಕೆಲಸ. 2020ರಲ್ಲಿ ಅವರು ಕಾರ್ನಿವಲ್ ಎಂಬ ದೊಡ್ಡ ಗಾಡಿಯನ್ನು ಹೊರಬಿಟ್ಟರು. ಬಿಡಿಭಾಗಗಳನ್ನು ತರಿಸಿ ಇಲ್ಲಿಯೇ ಜೋಡಿಸಿದ ಆ ಗಾಡಿಯ ವಿಶೇಷವೇನೆಂದರೆ ವಿದ್ಯುತ್ತಿನಿಂದ ತಾನಾಗಿ ಸರಿಯುವ ಜಾರುಬಾಗಿಲು. ಅದರ ಹೊಸ ಮಾದರಿ 2024ರ ಅಕ್ಟೋಬರಿನಲ್ಲಿ ಬಂದಾಗ ಬೆಲೆ 63 ಲಕ್ಷ 90 ಸಾವಿರ ರೂಪಾಯಿ. ನಮ್ಮ ಮೆಕ್ಯಾನಿಕರು ನಕ್ಕು, “ಆ ಬಾಗಿಲು ನನ್ನ ಹತ್ತಿರ ಬರೋದಿಲ್ಲ ಬಿಡಿ” ಎಂದರು. ಬಂದರೂ ಅದರ ಕಷ್ಟ ಬೇರೆ ಬಗೆಯದು. ಅದರಲ್ಲಿ ಮೋಟಾರಿದೆ, ಎಳೆಯುವ ತಂತಿಯಿದೆ, ಅಡ್ಡ ಸಿಕ್ಕಿದರೆ ಹಿಂದಕ್ಕೆ ಸರಿಯಬೇಕೆಂಬ ಯಂತ್ರಬುದ್ಧಿಯಿದೆ. ಆ ಬುದ್ಧಿಯೂ ಸಾಲದೆ ಹೋದುದುಂಟು: ಬಾಗಿಲು ಮುಚ್ಚುವಾಗ ಜನರಿಗೆ ಪೆಟ್ಟಾಗಬಹುದೆಂಬ ಕಾರಣದಿಂದ 2023ರಲ್ಲಿ ಅಮೆರಿಕದಲ್ಲಿ 51 ಸಾವಿರಕ್ಕೂ ಹೆಚ್ಚು ಕಾರ್ನಿವಲ್ ಗಾಡಿಗಳನ್ನು ಹಿಂದಕ್ಕೆ ಕರೆಸಿಕೊಂಡು ತಿದ್ದಿಕೊಡಬೇಕಾಯಿತು.

ಅಮೆರಿಕದ ಮಾತು ಬಂದುದರಿಂದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಗಾಲಿಕುರ್ಚಿಯ ವ್ಯಾನುಗಳಿಗೆ ಆ ದೇಶದಲ್ಲಿ ದಾರಿ ಹಾಕಿದವರಲ್ಲಿ ಮುಖ್ಯರು ಇಂಡಿಯಾನಾ ಸಂಸ್ಥಾನದ ರಾಲ್ಫ್ ಬ್ರಾನ್. ಬಾಲ್ಯದಲ್ಲಿಯೇ ಸ್ನಾಯುಕ್ಷಯಕ್ಕೆ ತುತ್ತಾದವರು. ಕೆಲಸಕ್ಕೆ ಹೋಗಿಬರಲು 1963ರಲ್ಲಿ ತಮಗಾಗಿ ಮೂರುಗಾಲಿಯ ಮೋಟಾರು ಕುರ್ಚಿಯನ್ನು ಕಟ್ಟಿಕೊಂಡರು. ಅಂಚೆಯವರ ಹಳೆಯ ಜೀಪಿಗೆ ಎತ್ತುವ ಹಲಗೆ ಕೂಡಿಸಿ ತಾವೇ ಓಡಿಸಿದರು. 1970ರಲ್ಲಿ ಡಾಡ್ಜ್ ವ್ಯಾನಿಗೆ ಅಂಥದೇ ಸಾಧನವನ್ನು ತಯಾರಿಸಿದರು. 1991ರಲ್ಲಿ ಅವರ ಕಾರ್ಖಾನೆ ನೆಲವನ್ನು ತಗ್ಗಿಸಿದ ಚಿಕ್ಕ ವ್ಯಾನನ್ನು ಹೊರತಂದಿತು. 2013ರಲ್ಲಿ ತೀರಿಕೊಂಡರು. ತನ್ನ ಕಷ್ಟಕ್ಕೆ ತಾನೇ ಸುತ್ತಿಗೆ ಹಿಡಿದವನ ಕೆಲಸದಲ್ಲಿ ಒಂದು ಖಚಿತತೆ ಇರುತ್ತದೆ.

ಆ ದೇಶದಲ್ಲಿ ನೆಲೆಸಿದ ನಮ್ಮ ಬಂಧುಗಳ ಮನೆಯಲ್ಲಿ ಇಂಥದೊಂದು ಗಾಡಿಯಿದೆ. ಗುಂಡಿಯನ್ನು ಒತ್ತಿದರೆ ಪಕ್ಕದ ಬಾಗಿಲು ಸರಿಯುತ್ತದೆ, ಗಾಡಿ ಮಂಡಿಯೂರಿದ ಒಂಟೆಯಂತೆ ತಗ್ಗುತ್ತದೆ, ಇಳಿಜಾರು ಹಲಗೆ ಹೊರಕ್ಕೆ ಚಾಚುತ್ತದೆ. ಕೇಳಲು ಸ್ವರ್ಗವೇ. ಆದರೆ ಬಾಗಿಲು ಪೂರ್ತಿ ತೆರೆಯಿತೆಂದು ಯಂತ್ರಕ್ಕೆ ಖಾತರಿಯಾಗದ ಹೊರತು ಹಲಗೆ ಚಾಚುವುದಿಲ್ಲ. ನೆಲವನ್ನು ತಗ್ಗಿಸಿದಾಗ ಬಾಗಿಲನ್ನೂ ಕೆಳಕ್ಕೆ ಉದ್ದಮಾಡಬೇಕಾಗುತ್ತದೆ. ಅಷ್ಟು ಭಾರ ಹೆಚ್ಚು, ಅಷ್ಟು ಬೇಗ ಉರುಳೆ ಸವೆಯುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಹಳಿಯನ್ನು ತಿನ್ನುತ್ತದೆ. ನಮಗೆ ಧೂಳು, ಅವರಿಗೆ ಉಪ್ಪು. ಆ ಬಂಧುಗಳು ಗಾಡಿ ಕೊಂಡ ದಿನವೇ ಕಲಿತ ಮೊದಲ ಪಾಠವೆಂದರೆ ವಿದ್ಯುತ್ತು ಕೈಕೊಟ್ಟಾಗ ಮೋಟಾರನ್ನು ನಿಲ್ಲಿಸಿ ಬಾಗಿಲನ್ನೂ ಹಲಗೆಯನ್ನೂ ಕೈಯಿಂದಲೇ ಎಳೆಯುವುದು ಹೇಗೆಂಬುದು.

ಕಾನೂನಿನ ಮಾತನ್ನು ಚುಟುಕಾಗಿ ಹೇಳಿ ಮುಗಿಸುತ್ತೇವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಸಾರಿಗೆಯೂ ಎಲ್ಲರಿಗೆ ಎಟುಕಬೇಕೆಂದು ಸ್ಪಷ್ಟವಾಗಿದೆ. ಈ ಬಗೆಯ ಸೌಕರ್ಯಗಳ ನಿಯಮಗಳು ಬರಿಯ ಸಲಹೆಗಳಾಗಿರದೆ ಕಡ್ಡಾಯವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ತೀರ್ಪಿತ್ತಿತು. ಉರುಳೆಯ ಪೊಟ್ಟಣವನ್ನು ಹೊತ್ತು ಆ ಮಧ್ಯಾಹ್ನ ಹಿಂದೂಪುರದಿಂದ ಬಂದ ಬಸ್ಸಿನ ಮೊದಲ ಮೆಟ್ಟಿಲು ನಮ್ಮ ಮಂಡಿಯ ಎತ್ತರಕ್ಕಿತ್ತು.

ಪೊಟ್ಟಣ ಬಿಚ್ಚಿದ ಮೇಲೆ ಕೆಲಸ ಬೇಗ ಸಾಗಿತು. ಬಾಗಿಲಿನಡಿ ಮರದ ಸ್ಟೂಲೊಂದನ್ನಿಟ್ಟು, ಮೇಲೆ ಗೋಣಿಚೀಲ ಮಡಿಸಿ ಹಾಸಿ ಭಾರವನ್ನು ಅದರ ಮೇಲೆ ಕೂಡಿಸಿದರು. ಕೆಳತೋಳಿನ ಬೋಲ್ಟುಗಳು ಮೊದಲು ಕುಳಿತಿದ್ದ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದುಕೊಂಡು ಆಮೇಲೆ ಬಿಚ್ಚಿದರು. ಬೋಲ್ಟಿನ ತೂತುಗಳು ಉದ್ದನೆಯವಾದ್ದರಿಂದ ತೋಳನ್ನು ಕೂದಲೆಳೆಯಷ್ಟು ಆಚೀಚೆ ಸರಿಸಬಹುದು. ಗುರುತಿಲ್ಲದೆ ಬಿಚ್ಚಿದವನು ಇಡೀ ದಿನ ಬಾಗಿಲನ್ನು ಕೂಡಿಸುತ್ತ ಕೂರಬೇಕಾಗುತ್ತದೆ. ಹೊಸ ಉರುಳೆ ಕೂತಿತು. ಬಾಗಿಲನ್ನು ಮುಚ್ಚಿ ಸುತ್ತಲಿನ ಸಂದಿಯಲ್ಲಿ ಪೋಸ್ಟ್‌ಕಾರ್ಡು ಆಡಿಸಿ ನೋಡಿದರು. ಹಿಂದೆ ಬಿಗಿಯಿತ್ತು, ಮತ್ತೆ ಬೋಲ್ಟು ಸಡಿಲಿಸಿ ತಿದ್ದಿದರು. ಮೂರನೆಯ ಬಾರಿಗೆ ಕಾರ್ಡು ಎಲ್ಲೆಡೆ ಸಮನಾಗಿ ಆಡಿತು.

ಅಷ್ಟಕ್ಕೆ ಮುಗಿಯಿತೆಂದುಕೊಂಡೆವು. ಅವರು ಮಾತ್ರ ಬಾಗಿಲನ್ನು ಪೂರ್ತಿ ಹಿಂದಕ್ಕೆ ಸರಿಸಿ ಬೆರಳಿನಿಂದ ಮುಂದಕ್ಕೆ ನೂಕಿ ನೋಡಿದರು. ತಡೆಯಿಲ್ಲದೆ ಮುಂದಕ್ಕೆ ಬಂದಿತು. “ಇದು ಅಮ್ಮನ ಕೈ ಕಚ್ಚಿಲ್ವಾ?” ಎಂದು ಕೇಳಿದರು. ಕಚ್ಚಿತ್ತು. ಒಂದು ತಿಂಗಳ ಹಿಂದೆ ಇಳಿಜಾರಿನಲ್ಲಿ ನಿಲ್ಲಿಸಿದ್ದಾಗ ಬಾಗಿಲು ತಾನಾಗಿ ಜಾರಿ ಬಂದು ತಾಯಿಯವರ ಎಡಗೈಯ ಎರಡು ಬೆರಳು ಜಜ್ಜಿ, ಉಗುರು ಕಪ್ಪಾಗಿದ್ದಿತು. ನಾವು ಅದನ್ನು ಇಳಿಜಾರಿನ ತಪ್ಪೆಂದು ತಿಳಿದಿದ್ದೆವು. ಪೂರ್ತಿ ತೆರೆದ ಜಾರುಬಾಗಿಲನ್ನು ಹಿಡಿದು ನಿಲ್ಲಿಸಲೆಂದೇ ಒಂದು ಕೊಕ್ಕೆ ಇರುತ್ತದೆಂಬುದು ನಮಗೆ ಗೊತ್ತೇ ಇರಲಿಲ್ಲ. ನಮ್ಮ ಗಾಡಿಯಲ್ಲಿ ಅದರ ಸ್ಪ್ರಿಂಗು ಮುರಿದಿತ್ತು. ಈ ಪರಿಜ್ಞಾನ ಅವರಿಗೆ ಬಂದುದು ಶಾಲೆಯ ಓಮ್ನಿಗಳಿಂದ. ಮಕ್ಕಳ ವ್ಯಾನಿನ ಬಾಗಿಲು ದಿನಕ್ಕೆ ನೂರು ಬಾರಿ ತೆರೆದು ಮುಚ್ಚುತ್ತದೆ, ಪುಟ್ಟ ಬೆರಳುಗಳು ಎಲ್ಲಿ ಬೇಕಾದರೂ ಇರುತ್ತವೆ. ಆದುದರಿಂದ ಉರುಳೆಗಿಂತ ಮೊದಲು ಕೊಕ್ಕೆಯನ್ನು ನೋಡಬೇಕು ಎಂದರು. ಹಳೆಯ ಡಬ್ಬಿಯೊಂದನ್ನು ಸುರುವಿ, ತಕ್ಕ ಸ್ಪ್ರಿಂಗನ್ನು ಆರಿಸಿ ಕೂಡಿಸಿ, ಗಾಡಿಯ ಮೂತಿಯನ್ನು ತಗ್ಗಿಗೆ ಮಾಡಿ ನಿಲ್ಲಿಸಿ ಪರೀಕ್ಷಿಸಿದರು. ಬಾಗಿಲು ಅಲುಗಲಿಲ್ಲ.

ಇಂಥ ಗಾಡಿಯಿರುವ ಮನೆಯವರಿಗಾಗಿ ಅವರು ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇವೆ. ಹಳಿಗೆ ಗ್ರೀಸು ಬೇಡ; ವಾರಕ್ಕೊಮ್ಮೆ ಒಣಬ್ರಷ್ಷಿನಿಂದ ಗುಡಿಸಿ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು, ಬೇಕೆನಿಸಿದರೆ ಅಂಟು ಉಳಿಸದ ಸಿಲಿಕಾನ್ ಸ್ಪ್ರೇ ತೆಳ್ಳಗೆ. ಎಣ್ಣೆಯ ಒಂದು ತೊಟ್ಟು ಉರುಳೆಯ ನಡುವಣ ಅಚ್ಚಿಗೆ ಮಾತ್ರ. ಬಾಗಿಲು ಸರಿಯುವಾಗ ಹೊಸ ಸದ್ದು ಬಂದರೆ ಅಂದೇ ತೋರಿಸಬೇಕು. ಮುಚ್ಚುವಾಗ ಎತ್ತಿ ಬಡಿಯಬೇಕಾಗಿ ಬಂದರೆ ಉರುಳೆ ಸವೆದು ಬಾಗಿಲು ಜೋತಿದೆ ಎಂದರ್ಥ. ಬಡಿದಷ್ಟೂ ಚಿಲಕವೂ ಕೆಡುತ್ತದೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಬೇಕು. ಇಲ್ಲವೆ ಮೂತಿ ಏರಿನ ಕಡೆಗಿರಲಿ. ಇನ್ನು ನಾವೇ ಕಲಿತದ್ದೊಂದು: ಇನ್ನೊಂದು ಬಾಗಿಲಿಗೆ ಸಾಮಾನು ಒರಗಿಸಿ ಕಟ್ಟಬಾರದು. ಬೆಂಕಿಯೋ ನೀರೋ ಬಂದಿದ್ದರೆ ಏನಾಗುತ್ತಿತ್ತೆಂದು ನೆನೆದು ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಈಗ ಗಾಲಿಕುರ್ಚಿ ಹಿಂಬದಿಯಲ್ಲಿ ಪ್ರಯಾಣ ಮಾಡುತ್ತದೆ.

ಹೊರಡುವ ಮುನ್ನ ಮೆಕ್ಯಾನಿಕರು ತಾಯಿಯವರನ್ನು ಆಸನದಲ್ಲಿ ಕುಳಿತು ಕೈ ಚಾಚುವಂತೆ ಕೇಳಿದರು. ಬಾಗಿಲಿನ ಹಿಡಿ ಅವರ ಕೈಗೆ ಒಂದು ಮೊಳ ದೂರ. ಇಷ್ಟು ವರ್ಷಗಳಲ್ಲಿ ನಾವು ಯಾರೂ ಅದನ್ನು ಗಮನಿಸಿರಲಿಲ್ಲ; ಬಾಗಿಲನ್ನು ಮುಚ್ಚುವುದು ನಮ್ಮ ಕೆಲಸವೆಂದೇ ಭಾವಿಸಿದ್ದೆವು. ಲಾರಿಯ ಹೊರೆ ಬಿಗಿಯುವ ಅಗಲವಾದ ಪಟ್ಟಿಯಿಂದ ಒಂದೂವರೆ ಮೊಳ ಕತ್ತರಿಸಿ, ತುದಿಯಲ್ಲಿ ಕುಣಿಕೆ ಹೊಲಿಸಿ, ಹಿಡಿಗೆ ಬಿಗಿದರು. ಉರುಳೆ, ಸ್ಪ್ರಿಂಗು, ಬಸ್ಸಿನ ಪೊಟ್ಟಣದ ಖರ್ಚು, ಕೂಲಿ ಎಲ್ಲ ಸೇರಿ ಎಂಟುನೂರ ಐವತ್ತು ರೂಪಾಯಿ. ಪಟ್ಟಿಗೆ ಏನನ್ನೂ ತೆಗೆದುಕೊಳ್ಳಲಿಲ್ಲ.

ಗೋರಂಟ್ಲವನ್ನು ಬಿಟ್ಟಾಗ ಮೂರೂವರೆ. ಆ ದಿನದ ತಪಾಸಣೆ ತಪ್ಪಿತ್ತು. ಪುಟ್ಟಪರ್ತಿಯಲ್ಲಿ ರಾತ್ರಿ ತಂಗಿ ಮರುದಿನ ಬೆಳಗ್ಗೆ ಸರದಿಯಲ್ಲಿ ನಿಂತೆವು. ಹಿಂದಿರುಗುವಾಗ ಅದೇ ಕಾಫಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆವು. ಮೆಕ್ಯಾನಿಕರ ಅಂಗಡಿಗೆ ಬೀಗ ಹಾಕಿತ್ತು. ಯಾವುದೋ ಮದುವೆಗೆ ಹೋಗಿದ್ದಾರೆಂದು ಹುಡುಗ ಹೇಳಿದ. ತಾಯಿಯವರು ಇಳಿದು, ಆ ಗೃಹಿಣಿಯ ಮನೆಗೆ ಕುರ್ಚಿಯಲ್ಲಿ ಹೋಗಿ, ಅರಿಶಿನ ಕುಂಕುಮ ಪಡೆದು, ಒಂದು ಸೇರು ಹುರಿದ ಕಡಲೆಕಾಯಿಯೊಂದಿಗೆ ಬಂದರು. ನಾವು ಬಾಗಿಲು ಮುಚ್ಚಲು ಕೈ ನೀಡಿದೆವು. “ನೀವು ಆ ಕಡೆ ಹೋಗಿ ಕೂತುಕೊಳ್ಳಿ” ಎಂದು ಪಟ್ಟಿಯ ಕುಣಿಕೆಯೊಳಗೆ ಕೈ ತೂರಿಸಿ, ತಾವೇ ಎಳೆದುಕೊಂಡರು. ಜ್ಯೇಷ್ಠದಲ್ಲಿ ಅಗಳಿಯಲ್ಲಿ ಅವರ ತಂಗಿಯ ಮೊಮ್ಮಗಳ ಮದುವೆ. ಅದಕ್ಕೆ ಯಾವ ಸೀರೆ ಉಡಬೇಕೆಂಬ ಮಾತು ಹಿಂದೂಪುರದವರೆಗೂ ನಡೆಯಿತು.